ಸಾವಿರ ಪ್ರತಿಗಳೂ ಎರಡು ಪ್ರತಿಗಳೂ

ನಮ್ಮ ಸಮಾಜದ ಸಭೆಗಳಲ್ಲಿ ಗ್ರಂಥಪ್ರಕಾಶನದ ಮಾತು ಬಂದಾಗಲೆಲ್ಲ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಬಾರದೆ ಇರುವುದಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆ ಮಹಾತಾಯಿಯನ್ನು ಸ್ಮರಿಸುವುದು, ಮರುಕ್ಷಣವೇ "ಈಗ ಓದುವವರೇ ಇಲ್ಲ" ಎಂದು ನಿಟ್ಟುಸಿರು ಬಿಡುವುದು, ಬಳಿಕ ಮತ್ತೊಂದು ಸಾವಿರ ಪ್ರತಿಯ ಮುದ್ರಣಕ್ಕೆ ದಾತಾರರ ಹೆಸರು ಬರೆದುಕೊಳ್ಳುವುದು ನಮ್ಮ ವಾಡಿಕೆಯಾಗಿದೆ. ಈ ನಿಟ್ಟುಸಿರನ್ನು ನಾನೂ ಹಲವು ಸಲ ಬಿಟ್ಟವನು. ಆದುದರಿಂದ ಅದರ ಗುಣದೋಷಗಳನ್ನು ವಿಮರ್ಶಿಸುವ ಅಧಿಕಾರ ನನಗೆ ಅಷ್ಟಿಷ್ಟು ಉಂಟೆಂದು ಭಾವಿಸಿದ್ದೇನೆ.

ಈ ವಿಚಾರವು ಮನಸ್ಸನ್ನು ಹೊಕ್ಕುದು ನಮ್ಮ ಮನೆಯ ಒಬ್ಬ ತರುಣನಿಂದ. ನನ್ನ ತಮ್ಮನ ಮಗ, ಇಂಜಿನಿಯರಿಂಗ್ ವಿದ್ಯಾರ್ಥಿ, ಹನ್ನೆರಡು ಅನುಪ್ರೇಕ್ಷೆಗಳನ್ನು ಕುರಿತು ಸರಳ ಕನ್ನಡದಲ್ಲಿ ಹನ್ನೆರಡು ವಿಡಿಯೋಗಳನ್ನು ಮಾಡುವ ಸಂಕಲ್ಪ ತೊಟ್ಟಿದ್ದನು. ಅನಿತ್ಯಾನುಪ್ರೇಕ್ಷೆಯನ್ನು ಬಂಧುಬಳಗದವರೆಲ್ಲ ನೋಡಿದರು. ಅಶರಣಕ್ಕೆ ಬರುವಷ್ಟರಲ್ಲಿ ಬಳಗವು ಅರ್ಧವಾಯಿತು. ನಾಲ್ಕನೆಯದಾದ ಏಕತ್ವದಲ್ಲಿ ಅವನು ನಿಂತುಬಿಟ್ಟನು. ಕಾರಣ ಕೇಳಿದಾಗ ಮೊಬೈಲನ್ನು ಮುಂದೆ ಹಿಡಿದು, "ದೊಡ್ಡಪ್ಪ, ನಲವತ್ತೊಂದು ಸಲ ನೋಡಿದ್ದಂತ ತೋರಸ್ತದ. ಅದರಾಗ ಹತ್ತು ಸಲ ನಾನ ನೋಡೇನಿ" ಎಂದನು. ನಗಬೇಕೆನಿಸಿತು, ನಗಲಾಗಲಿಲ್ಲ. ಏಕೆಂದರೆ ನನ್ನ ಸ್ವಂತ ಶಿಲ್ಕು ಅದಕ್ಕಿಂತ ಉತ್ತಮವಾದುದಲ್ಲ.

1999ರಲ್ಲಿ ತಾಯಿಯವರ ಸ್ಮರಣಾರ್ಥ ಶ್ರಾವಕಾಚಾರದ ಮೇಲೆ ಒಂದು ಚಿಕ್ಕ ಪುಸ್ತಕವನ್ನು ಬರೆದು ಮುದ್ರಿಸಿದೆನು. ಪ್ರತಿಗಳು ಸಾವಿರ. ಸಾವಿರವೇ ಏಕೆ? ಅಷ್ಟು ವಾಚಕರು ಕಾದಿದ್ದರೆಂದಲ್ಲ. ಅಕ್ಷರಜೋಡಣೆ ಮತ್ತು ಪ್ಲೇಟುಗಳ ಖರ್ಚು ಐನೂರಕ್ಕೂ ಸಾವಿರಕ್ಕೂ ಒಂದೇ; ಹೆಚ್ಚುವುದು ಕಾಗದದ್ದು ಮಾತ್ರ. ಬಿ.ಕಾಂ. ಓದಿದ ನಾನು ತಲಾ ಪ್ರತಿಯ ದರ ಇಳಿಯುವುದನ್ನು ನೋಡಿ ಸಂತೋಷಪಟ್ಟೆನು. ಬೆಲ್ಲದ ಅಡತಿಯಲ್ಲಿ ಗಿರಾಕಿಯನ್ನು ಕೇಳದೆ ಒಂದು ಪೆಂಟೆಯನ್ನೂ ಕೊಳ್ಳದವನು ಪುಸ್ತಕದ ವಿಷಯದಲ್ಲಿ ಮುದ್ರಕರ ದರಪಟ್ಟಿಯನ್ನೇ ವಾಚಕರೆಂದು ತಿಳಿದೆನು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ಗೋದಾಮಿನ ಮಾಲನ್ನು ಎತ್ತರಕ್ಕೆ ಸಾಗಿಸಬೇಕಾಯಿತು. ಆ ಗಡಿಬಿಡಿಯಲ್ಲಿ ಪುಸ್ತಕದ ಗಂಟುಗಳನ್ನು ಎಣಿಸಿದರೆ 640 ಪ್ರತಿಗಳು ಉಳಿದಿದ್ದುವು. ಇಪ್ಪತ್ತು ವರ್ಷಗಳಲ್ಲಿ ಹೋದವು 360. ಅವೂ ಹೆಚ್ಚಾಗಿ ನಾನೇ ಕೈಗಿತ್ತವು. ಬಂದ ಪತ್ರಗಳು ಐದು.

ಇನ್ನು ಅತ್ತಿಮಬ್ಬೆಯ ಸಾವಿರಕ್ಕೆ ಬರೋಣ. ಅದು ಹತ್ತನೆಯ ಶತಮಾನದ ಓಲೆಗರಿಯ ಕಾಲ. ಒಂದೊಂದು ಪ್ರತಿಯನ್ನೂ ಒಬ್ಬ ಲಿಪಿಕಾರನು ಕಂಠದಿಂದ ಅಕ್ಷರ ಕೊರೆದೇ ಸಿದ್ಧಪಡಿಸಬೇಕಾಗಿತ್ತು. ಅಂದರೆ ಸಾವಿರ ಪ್ರತಿಗಳು ಸಿದ್ಧವಾಗುವಷ್ಟರಲ್ಲಿ ಶಾಂತಿಪುರಾಣವು ಆದ್ಯಂತವಾಗಿ ಸಾವಿರ ಸಲ ಮನುಷ್ಯನ ಕಣ್ಣಿನ ಕೆಳಗೆ, ಕೈಯ ಕೆಳಗೆ ಹಾದುಹೋಗಿತ್ತು. ಹಂಚುವ ಮುನ್ನವೇ ಅದಕ್ಕೆ ಓದುಗರು ದೊರೆತಿದ್ದರು. ನಮ್ಮ ಮುದ್ರಿತ ಸಾವಿರಕ್ಕೆ ಕರಡು ತಿದ್ದಿದವನೊಬ್ಬನ ಹೊರತು ಅಂಥವರಾರೂ ಇಲ್ಲ. ಸಂಖ್ಯೆ ಒಂದೇ ಆದರೂ ವಸ್ತು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಲೆಕ್ಕದ ದೋಷವೇ ಸರಿ. ಮೇಲಾಗಿ, ಆ ತಾಯಿಯು ಆಶ್ರಯವಿತ್ತ ರನ್ನನ ಗತಿಯನ್ನು ನೋಡಿರಿ. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿ ಎನಿಸಿಕೊಂಡವನು. ಆದರೂ ಅವನ ಪರಶುರಾಮಚರಿತ, ಚಕ್ರೇಶ್ವರಚರಿತಗಳು ನಮಗೆ ದೊರೆತಿಲ್ಲ. ಕೀರ್ತಿಯು ಗ್ರಂಥವನ್ನು ಕಾಯುವುದೆಂಬ ಭರವಸೆಯಿಲ್ಲ.

ಹಾಗಾದರೆ ಕೀರ್ತಿಯಿಲ್ಲದುದು ಅಳಿದೇ ಹೋಗುವುದೆ? ಇದಕ್ಕೆ ಉತ್ತರವು ನಮ್ಮ ಚಿಕ್ಕೋಡಿ ಸೀಮೆಯವರೇ ಸಂಪಾದಿಸಿದ ಒಂದು ಗ್ರಂಥದಲ್ಲಿದೆ. ಸದಲಗಾದಲ್ಲಿ ಜನಿಸಿ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಬೋಧಿಸಿದ ಡಾ. ಆ.ನೇ. ಉಪಾಧ್ಯೆಯವರನ್ನು (1906–1975) ನಮ್ಮವರು 1967ರ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೆಂದು ನೆನೆಯುತ್ತಾರೆ. ಅವರ ಕುವಲಯಮಾಲಾ ಸಂಪಾದನೆಯನ್ನು ತೆರೆದು ನೋಡಿದವರು ವಿರಳ. ಉದ್ಯೋತನಸೂರಿಗಳು ಕ್ರಿ.ಶ. 779ರಲ್ಲಿ ರಾಜಸ್ಥಾನದ ಜಾಲೋರಿನಲ್ಲಿ ಪೂರೈಸಿದ ಪ್ರಾಕೃತ ಕಥಾಗ್ರಂಥವದು. ಸಂಪಾದನೆಗೆ ದೊರೆತ ಹಸ್ತಪ್ರತಿಗಳು ಎರಡೇ: ಜೈಸಲ್ಮೇರಿನ ಒಂದು ತಾಳೆಗರಿ, ಪುಣೆಯ ಒಂದು ಕಾಗದದ ಪ್ರತಿ. ಕಥೆಯನ್ನು ರತ್ನಪ್ರಭಸೂರಿಗಳು ಮುಂದೆ ಸಂಸ್ಕೃತದಲ್ಲಿ ಸಂಗ್ರಹಿಸಿದ್ದುಂಟು. ಮೂಲಕ್ಕೆ ಮಾತ್ರ ಈ ಎರಡೇ ಆಧಾರ. ಶ್ವೇತಾಂಬರ ಆಚಾರ್ಯರ ಈ ಕೃತಿಗಾಗಿ ದಿಗಂಬರ ಮನೆತನದ ವಿದ್ವಾಂಸರೊಬ್ಬರು ವರ್ಷಗಟ್ಟಲೆ ದುಡಿದರು. (ಪಂಥಭೇದದ ಚರ್ಚೆಯಲ್ಲೇ ಸಭೆ ಮುಗಿಸುವವರು ಇದನ್ನು ಗಮನಿಸಬೇಕು.) ಮೂಲಪಾಠವು 1959ರಲ್ಲಿ, ಪೀಠಿಕೆಯುಳ್ಳ ಎರಡನೆಯ ಭಾಗವು 1970ರಲ್ಲಿ ಮುಂಬಯಿಯ ಸಿಂಘೀ ಜೈನ ಗ್ರಂಥಮಾಲೆಯಿಂದ ಹೊರಬಂದುವು. ನಡುವೆ ಹನ್ನೊಂದು ವರ್ಷ! ಪ್ರಾಕೃತ ಬಲ್ಲ ವಾಚಕರು ಈ ದೇಶದಲ್ಲಿ ಎಷ್ಟು ಮಂದಿಯೆಂಬುದನ್ನು ಅವರಿಗಿಂತ ಚೆನ್ನಾಗಿ ಅರಿತವರು ಯಾರಿದ್ದರು? ಆದರೂ ಎರಡು ಪ್ರತಿಗಳ ಪಾಠಾಂತರಗಳನ್ನು ತಾಳೆನೋಡುವ ಕೆಲಸದಲ್ಲಿ ಅವರು ಸಡಿಲುಬಿಡಲಿಲ್ಲ. ವ್ಯಾಪಾರಿಗಳಾದ ನಮಗೆ ಇನ್ನೊಂದು ಲಾಭವೂ ಅದರಲ್ಲಿದೆ: ನಾನಾ ದೇಶದ ವರ್ತಕರು ಕೂಡಿದ ಪೇಟೆಯೊಂದರ ವರ್ಣನೆಯಲ್ಲಿ ಕರ್ಣಾಟಕದವರ ಚಹರೆಯೂ ಮಾತಿನ ಧಾಟಿಯೂ ದಾಖಲಾಗಿವೆ.

ಕುವಲಯಮಾಲೆಯು ಕ್ರೋಧ, ಮಾನ, ಮಾಯಾ, ಲೋಭ, ಮೋಹಗಳೆಂಬ ಐದನ್ನು ಐವರು ವ್ಯಕ್ತಿಗಳ ಕಥೆಯಾಗಿಸಿದೆ. ವರ್ತಕನಾದ ಲೋಭದೇವನ ಕಥೆಯನ್ನೇ ನಾವು ಮೊದಲು ಓದುವುದು ಸಹಜ. ನನ್ನನ್ನು ತಡೆದು ನಿಲ್ಲಿಸಿದುದು ಮಾನಭಟನ ಕಥೆ. ಗರ್ವಿಷ್ಠನಾದ ಅವನು ತನ್ನ ಮೇಲೆ ಹೆಂಡತಿಗೆ ಎಷ್ಟು ಪ್ರೀತಿಯಿದೆಯೆಂದು ಪರೀಕ್ಷಿಸಲು ರಾತ್ರಿಯಲ್ಲಿ ಬಾವಿಗೆ ಕಲ್ಲೊಂದನ್ನು ಎಸೆದು ಮರೆಯಾಗಿ ನಿಲ್ಲುತ್ತಾನೆ. ಗಂಡನೇ ಬಿದ್ದನೆಂದು ತಿಳಿದು ಅವಳು ಬಾವಿಗೆ ಹಾರುತ್ತಾಳೆ. ಅವಳ ಹಿಂದೆ ಅವನ ತಂದೆತಾಯಿಗಳೂ ಹಾರುತ್ತಾರೆ. ಪರೀಕ್ಷೆಯು ಸಫಲವಾಗುತ್ತದೆ, ಮನೆಯಲ್ಲಿ ಯಾರೂ ಉಳಿಯುವುದಿಲ್ಲ.

ಪುಸ್ತಕವನ್ನು ಕೊಟ್ಟು "ಓದಿದಿರಾ?" ಎಂದು ಕೇಳುವುದೂ ಬಾವಿಗೆ ಕಲ್ಲು ಎಸೆದಂತೆಯೇ. ನಾನು ಹಾಗೆ ಬಹಳ ಜನರನ್ನು ಕೇಳಿದ್ದೇನೆ. ಬಾಲ್ಯದಿಂದಲೂ ಒಡನಾಡಿಯಾಗಿದ್ದ ಒಬ್ಬ ಮಿತ್ರರ ಮನೆಯಲ್ಲಿ ನನ್ನ ಪುಸ್ತಕವು ಹಳೆಯ ಪಂಚಾಂಗಗಳ ಅಡಿಯಲ್ಲಿ, ಕೊಟ್ಟ ದಿನದ ಹೊಸತನದಲ್ಲೇ ಬಿದ್ದಿರುವುದನ್ನು ಕಂಡೆನು. ಏನೂ ಹೇಳದೆ ಎದ್ದು ಬಂದವನು ಎರಡು ವರ್ಷ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಅವರು ತೀರಿಕೊಂಡ ಮೇಲೆ ಮಾತನಾಡಿಸಲು ಹೋದಾಗ ಸೊಸೆಯು ಸಹಜವಾಗಿ ಹೇಳಿದಳು: ಮಾಮಾ ಅವರಿಗೆ ಎರಡೂ ಕಣ್ಣಿಗೆ ಮೋತಿಬಿಂದು ಬಂದಿತ್ತು, ಆಪರೇಷನ್ನಿಗೆ ಹೆದರಿ ಯಾರಿಗೂ ಹೇಳಿರಲಿಲ್ಲ, ಪತ್ರಿಕೆಯನ್ನೂ ಅವಳೇ ಓದಿ ಹೇಳುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ನಾಲ್ಕು ಪುಟ ಓದಿ ಹೇಳಬಹುದಾಗಿತ್ತು. ಆ ಯೋಚನೆಯೇ ನನಗೆ ಹೊಳೆದಿರಲಿಲ್ಲ.

ವ್ರತಕ್ಕೆ ಪ್ರತಿಫಲವನ್ನು ಬಯಸುವುದನ್ನು ಶಾಸ್ತ್ರವು ನಿದಾನವೆಂಬ ಶಲ್ಯವೆಂದು ಕರೆಯುತ್ತದೆ. ಶಾಸ್ತ್ರದಾನಕ್ಕೆ ವಾಚಕರ ಮೆಚ್ಚುಗೆಯನ್ನು ಬಯಸುವುದೂ ಆ ಜಾತಿಯದೇ. ಆದರೆ ಈ ಮಾತನ್ನು ಸೋಮಾರಿಯಾದ ಲೇಖಕನು ಗುರಾಣಿಯಾಗಿ ಹಿಡಿಯಬಾರದು. "ನಾನು ಫಲಾಪೇಕ್ಷೆಯಿಲ್ಲದೆ ಬರೆದೆ" ಎಂದು ಹೇಳಿ ತಿಳಿಯದ ಕನ್ನಡವನ್ನು, ತಿದ್ದದ ತಪ್ಪುಗಳನ್ನು ಸಮಾಜದ ಹಣದಿಂದ ಅಚ್ಚುಹಾಕಿಸುವುದು ಯಾವ ಧರ್ಮ? ನನಗೆ ಬಂದ ಐದು ಪತ್ರಗಳಲ್ಲಿ ಒಂದು, ಗುಣವ್ರತಗಳ ಅಧ್ಯಾಯದಲ್ಲಿ ನಾನು ಮಾಡಿದ ಸ್ಪಷ್ಟವಾದ ಪ್ರಮಾದವನ್ನು ತೋರಿಸಿತ್ತು. ಆ ಪತ್ರಕ್ಕೊಂದಕ್ಕೇ ನಾನು ಉತ್ತರ ಬರೆಯಲಿಲ್ಲ. ವಾಚಕರಿಲ್ಲವೆಂದು ಕೊರಗುತ್ತಿದ್ದವನು ನಿಜವಾದ ವಾಚಕನೊಬ್ಬನು ಬಂದಾಗ ಬಾಗಿಲು ಹಾಕಿಕೊಂಡೆನು.

ತತ್ತ್ವಾರ್ಥಸೂತ್ರವು ಸ್ವಾಧ್ಯಾಯದ ಐದು ಅಂಗಗಳನ್ನು ಹೇಳುವಾಗ ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯಗಳಾದ ಬಳಿಕ ಕೊನೆಯಲ್ಲಿ ಧರ್ಮೋಪದೇಶವನ್ನು ಇಡುತ್ತದೆ. ನಮ್ಮ ಟ್ರಸ್ಟುಗಳು ಕೊನೆಯದರಿಂದಲೇ ಆರಂಭಿಸುತ್ತವೆ. ಮೊದಲ ನಾಲ್ಕಕ್ಕೆ ಬಜೆಟ್ಟಿನಲ್ಲಿ ಕಲಮೇ ಇಲ್ಲ. ಪಂಚಕಲ್ಯಾಣದಲ್ಲಿ ಸ್ಟೀಲ್ ಡಬ್ಬಿಯೊಡನೆ ಪುಸ್ತಕವನ್ನೂ ಹಂಚಿದರೆ ಡಬ್ಬಿ ಅಡುಗೆಮನೆಯನ್ನು, ಪುಸ್ತಕ ಅಟ್ಟವನ್ನು ಸೇರುತ್ತದೆ. ಐನೂರು ಪ್ರತಿಯ ಕಾಗದದ ಹಣದಲ್ಲಿ ಬಸದಿಯಲ್ಲಿ ವಾರಕ್ಕೊಮ್ಮೆ ಓದಿಸಲು ಒಂದು ಕಂದೀಲೂ ಒಂದು ಜಮಖಾನೆಯೂ ಬರುತ್ತವೆಂದು ನಾನು ಸಭೆಯೊಂದರಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಈಗ ಕರೆಂಟು ಇದೆಯಲ್ಲ ಎಂದರು. ಕಂದೀಲಿನ ಮಾತು ಬಿಡೋಣ.

ಕಳೆದ ಚಾತುರ್ಮಾಸದಿಂದ ನಾವು ಆರೇಳು ಮಂದಿ ಸಂಜೆಯ ಹೊತ್ತು ಬಸದಿಯ ಪಡಸಾಲೆಯಲ್ಲಿ ಕೂಡುತ್ತೇವೆ. ಉಳಿದ 640 ಪ್ರತಿಗಳಿಗೂ ತಪ್ಪೊಪ್ಪೋಲೆಯ ಚೀಟಿ ಅಂಟಿಸಿಯಾಗಿದೆ. ತಮ್ಮನ ಮಗನು ರಜೆಗೆ ಬಂದಾಗ ಅನ್ಯತ್ವಾನುಪ್ರೇಕ್ಷೆಯನ್ನು ಮೊದಲು ನಮ್ಮೆದುರಿಗೆ ಓದಿದನು. ವಯಸ್ಸಾದ ಶ್ರಾವಿಕೆಯೊಬ್ಬರು ನಡುವೆಯೇ ತಡೆದು, "ದೇಹ ಬ್ಯಾರೆ, ಆತ್ಮ ಬ್ಯಾರೆ ಅಂದ್ರ ನಾ ಮಾಡೋ ಉಪಾಸದ ಫಲ ಆತ್ಮಕ್ಕ ಹೆಂಗ ಮುಟ್ಟತದಪಾ?" ಎಂದು ಕೇಳಿದರು. ಅವನು ನನ್ನ ಮುಖ ನೋಡಿದನು. ನಾನು ಅವನ ಮುಖ ನೋಡಿದೆನು. ಧ್ವನಿಮುದ್ರಣವು ಅಂದು ನಿಂತಿತು. ಸರ್ವಾರ್ಥಸಿದ್ಧಿಯನ್ನು ಇಟ್ಟುಕೊಂಡು ಆ ಪ್ರಶ್ನೆಯನ್ನು ಇನ್ನೂ ಬಿಡಿಸುತ್ತಿದ್ದೇವೆ.