ಕಲ್ಯದ ಒಪ್ಪಂದ: ಹೊಗಳಿಕೆ ಸಾಕು, ಷರತ್ತು ಓದೋಣ

ವಿಜಯನಗರದ ಬುಕ್ಕರಾಯನ ಹೆಸರು ಬಂದರೆ ಸಾಕು, ಪಠ್ಯಪುಸ್ತಕದಿಂದ ವೇದಿಕೆಯ ಭಾಷಣದವರೆಗೆ 1368ರ ಶಾಸನ ಹಾಜರಾಗುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಯಿತು, ರಾಜ ಇಬ್ಬರನ್ನೂ ಕರೆಸಿ ರಾಜಿ ಮಾಡಿಸಿದ, ಸರ್ವಧರ್ಮ ಸಮನ್ವಯ. ಅಲ್ಲಿಗೆ ಕಥೆ ಮುಗಿಯಿತು. ಈ ಶಾಸನವನ್ನು ಹೊಗಳಿದವರು ಬಹಳ, ಓದಿದವರು ಕಡಿಮೆ. ಅದರ ಒಂದು ಪ್ರತಿ ಇರುವುದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿ ಅದು ಮಾಗಡಿ 18. ಇನ್ನೊಂದು ಪ್ರತಿ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಇಲ್ಲಿ ಹೇಳುವ ವಿವರಗಳೆಲ್ಲ ಆ ಬೆಳಗೊಳದ ಕಲ್ಲಿನವು.

ಕಲ್ಯಕ್ಕೆ ಈ ಕಥೆಯಲ್ಲಿ ಕಲ್ಲು ನೆಟ್ಟಿದ್ದಕ್ಕಿಂತ ದೊಡ್ಡ ಪಾಲಿದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆಯವರ ಜೊತೆಗೆ ರಾಜನ ಬಳಿ ದೂರು ಹೊತ್ತು ಹೋದವರಲ್ಲಿ ಕಲ್ಲೆಹದ ಪಟ್ಟಣದ ಭವ್ಯಜನರೂ, ಅಂದರೆ ಜೈನರೂ, ಇದ್ದರು. ಆ ಕಲ್ಲೆಹವೇ ಇಂದಿನ ಕಲ್ಯ ಎನ್ನುತ್ತಾರೆ ವಿದ್ವಾಂಸರು. ಹೊಯ್ಸಳರ ಆಳ್ವಿಕೆ ಮುಗಿದಿತ್ತು; ಬಸದಿಗಳಿಗೆ ಹಿಂದಿನ ಆಸರೆ ಉಳಿದಿರಲಿಲ್ಲ; ಶ್ರೀವೈಷ್ಣವರೂ ವೀರಶೈವರೂ ಬಲಿಯುತ್ತಿದ್ದರು. ಕಲ್ಯವೇ ಶರಣರ ಕ್ಷೇತ್ರವೆನಿಸಿತು. ವೀರಶೈವ ಕವಿ ಪಾಲ್ಕುರಿಕೆ ಸೋಮನಾಥ ಐಕ್ಯನಾದದ್ದು ಇಲ್ಲೇ ಎಂಬ ನಂಬಿಕೆ ಇಂದಿಗೂ ಇದೆ. ಸಂಸ್ಕೃತಿ ಮಗ್ಗುಲು ಬದಲಿಸುವಾಗ ಅಡಿಯಲ್ಲಿ ಸಿಕ್ಕಿಕೊಂಡವರು ಕೊಟ್ಟ ಅರ್ಜಿ ಜೈನರ ಆ ದೂರು.

ಶಾಸನ ಶುರುವಾಗುವ ಬಗೆಯೇ ವಿಚಿತ್ರ. ಮೊದಲಿಗೆ ರಾಮಾನುಜರ ಸ್ತುತಿ. ಅದರಲ್ಲಿ ಅವರು ಪಾಷಂಡರೆಂಬ ಸಮುದ್ರಕ್ಕೆ ಬಡಬಾಗ್ನಿ. ಆ ಪಾಷಂಡರ ಲೆಕ್ಕದಲ್ಲಿ ಜೈನರೂ ಸೇರುತ್ತಾರೆಂಬುದು ಅಂದಿನ ಯಾರಿಗೂ ಗೊತ್ತಿದ್ದ ಮಾತು. ಜೈನರಿಗೆ ಅಭಯ ಕೊಡುವ ಪತ್ರ ಅವರನ್ನು ಸುಡುವ ಬೆಂಕಿಯ ಹೊಗಳಿಕೆಯಿಂದ ಆರಂಭವಾಗುತ್ತದೆ! ಇದನ್ನು ಮುಜುಗರದ ಸಂಗತಿಯೆಂದು ಪಕ್ಕಕ್ಕೆ ಸರಿಸುವವರುಂಟು. ನನಗೆ ಇದೇ ಶಾಸನದ ಪ್ರಾಮಾಣಿಕತೆಯಾಗಿ ಕಾಣುತ್ತದೆ. ಒಳಗಿನ ವೈರ ಕರಗಿತು ಎಂದು ಅದು ನಟಿಸುವುದಿಲ್ಲ. ವೈರ ಇದ್ದರೂ ನಾಳೆ ಬೆಳಗ್ಗೆ ಒಂದೇ ಊರಿನಲ್ಲಿ ಬದುಕಬೇಕಲ್ಲ, ಅದಕ್ಕೇನು ವ್ಯವಸ್ಥೆ ಎಂಬುದಷ್ಟೇ ಅದರ ಚಿಂತೆ.

ಆ ವ್ಯವಸ್ಥೆ ಹೀಗಿದೆ. ರಾಜ ಜೈನರ ಕೈಯನ್ನು ಹಿಡಿದು ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿಡುತ್ತಾನೆ. ಎರಡೂ ದರ್ಶನಗಳಿಗೆ ಭೇದವಿಲ್ಲವೆಂದು ಸಾರುತ್ತಾನೆ. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೆ ಹಿಂದಿನಂತೆಯೇ ಎನ್ನುತ್ತಾನೆ. ಮುಂದಿನದು ಇಡೀ ಒಪ್ಪಂದದ ಜೀವ: ವೈಷ್ಣವ ಭಕ್ತರ ಕಡೆಯಿಂದ ಜೈನದರ್ಶನಕ್ಕೆ ಹಾನಿಯಾದರೂ ವೃದ್ಧಿಯಾದರೂ ಶ್ರೀವೈಷ್ಣವರು ಅದನ್ನು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ಬಗೆಯಬೇಕು. ಹೊಂದಿಕೊಂಡು ಹೋಗಿ ಎಂದು ಇಬ್ಬರಿಗೂ ಸಮಸಮವಾಗಿ ಬುದ್ಧಿ ಹೇಳುವುದು ಸುಲಭವಿತ್ತು. ಬುಕ್ಕ ಹಾಗೆ ಮಾಡಲಿಲ್ಲ, ಬಲವಿದ್ದವರ ತಲೆಗೆ ಹೊಣೆ ಕಟ್ಟಿದ. ಶಾಸನವನ್ನು ರಾಜ್ಯದ ಬಸದಿಗಳಲ್ಲಿ ನೆಡಿಸಿ ಪಾಲಿಸುವ ಕೆಲಸವೂ ಅವರದೇ.

ಹೊಣೆ ಹೊತ್ತವರ ಪಟ್ಟಿಯೂ ಓದಿಸಿಕೊಳ್ಳುವಂಥದ್ದು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರು ಮೊದಲಿಗರು. ಅಲ್ಲಿಗೇ ನಿಲ್ಲದೆ ಪಟ್ಟಿ ದೇವಾಲಯದ ನೀರಿನ ಕೆಲಸದವರನ್ನೂ, ತಿರುಕುಲ ಜಾಂಬವಕುಲದವರನ್ನೂ ಒಳಗೊಳ್ಳುತ್ತದೆ. ಕೊನೆಯ ಎರಡು ಹೆಸರು ಇಂದು ನಾವು ದಲಿತರೆನ್ನುವ ಸಮುದಾಯಗಳವು. ಬೀದಿಯಲ್ಲಿ ಗಲಾಟೆ ನಡೆದಾಗ ಎದುರಾಬದುರು ನಿಲ್ಲುವವರು ಮಠದ ಆಚಾರ್ಯರಲ್ಲ ಎಂಬುದು ಈ ಪಟ್ಟಿ ಬರೆಸಿದವನಿಗೆ ಗೊತ್ತಿತ್ತು.

ಹಬ್ಬದ ಮುಂಚೆ ನಮ್ಮ ಪೊಲೀಸ್ ಠಾಣೆಗಳಲ್ಲಿ ನಡೆಯುವ ಶಾಂತಿ ಸಭೆಯನ್ನು ಇದರ ಪಕ್ಕ ಇಟ್ಟು ನೋಡಿ. ಆರು ಶತಮಾನ ಕಳೆದರೂ ಜಗಳದ ವಸ್ತು ಹೆಚ್ಚು ಬದಲಾಗಿಲ್ಲ: ಮೆರವಣಿಗೆ ಯಾವ ದಾರಿಯಲ್ಲಿ, ವಾದ್ಯ ಯಾರ ಬಾಗಿಲ ಮುಂದೆ. ಸಭೆಯಲ್ಲೂ ಕೈಗೆ ಕೈ ಕೊಡಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಟೀ ಬರುತ್ತದೆ. ನಾವೆಲ್ಲ ಅಣ್ಣತಮ್ಮಂದಿರಂತೆ ಇದ್ದೇವೆ ಸಾರ್ ಎಂದು ಎರಡೂ ಕಡೆಯ ಮುಖಂಡರು ಹೇಳುತ್ತಾರೆ. ಹಾನಿಯಾದರೆ ಯಾರು ಉತ್ತರಿಸಬೇಕು ಎಂಬ ಸಾಲು ಮಾತ್ರ ನಡಾವಳಿಯಲ್ಲಿ ಅಪರೂಪ. ಬುಕ್ಕನ ಕಲ್ಲಿನ ಮುಂದೆ ಈ ಸಭೆ ಸಪ್ಪೆ.

ಹಾಗೆಂದು ಕಲ್ಲಿಗೆ ಕೈಮುಗಿದು ಬರುವಂತೆಯೂ ಇಲ್ಲ. ಮುಂದಿನ ಷರತ್ತು ನೋಡಿ. ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಕಾವಲಿನಾಳು, ಕಾವಲು ಶ್ರೀವೈಷ್ಣವರದು. ಅದರ ಖರ್ಚಿಗೆ ರಾಜ್ಯದ ಜೈನರು ಮನೆಮನೆಗೆ ವರ್ಷಕ್ಕೆ ಒಂದು ಹಣ (ಅಂದಿನ ನಾಣ್ಯ) ಕೊಡಬೇಕು. ಎತ್ತುವವರು ತಿರುಮಲೆಯ ತಾತಯ್ಯ. ಮಿಕ್ಕ ಹಣದಲ್ಲಿ ಶಿಥಿಲ ಜಿನಾಲಯಗಳಿಗೆ ಸುಣ್ಣ ಬಳಿಯಬೇಕು. ಭವ್ಯಜನರ ಅನುಮತಿಯಿಂದ ಎಂದು ಬರೆದಿದೆ, ನಿಜ. ಆದರೂ ಪೆಟ್ಟು ತಿಂದವರೇ ತಮ್ಮ ಕಾವಲಿಗೆ ದುಡ್ಡು ಕೊಡಬೇಕು, ಅದನ್ನು ವಸೂಲು ಮಾಡುವವರು ಎದುರು ಪಕ್ಷದ ಗುರು! ರಾಜನ ಬೊಕ್ಕಸದಿಂದ ಒಂದು ಹಣವೂ ಇಲ್ಲಿ ಹೊರಡುವುದಿಲ್ಲ. ನ್ಯಾಯ ಹೇಳಿದ ಕೀರ್ತಿ ಸಿಂಹಾಸನಕ್ಕೆ, ಬಿಲ್ಲು ಅರ್ಜಿದಾರರಿಗೆ. ಒಂದು ಹಣ ಅಲ್ಪವೆಂದು ವಾದಿಸಬಹುದು. ಅಲ್ಪವೋ ಅಧಿಕವೋ, ಹಕ್ಕಿಗೆ ಬೆಲೆಪಟ್ಟಿ ಅಂಟಿಸಿದ ಮೇಲೆ ಅದು ಅರ್ಧ ಹಕ್ಕು.

ಯೂರೋಪಿನಲ್ಲೂ ಇಂಥದೊಂದು ಪತ್ರ 1598ರಲ್ಲಿ ಬಂತು. ಫ್ರಾನ್ಸಿನ ನಾಲ್ಕನೇ ಹೆನ್ರಿ ನಾಂಟ್ ಶಾಸನದ ಮೂಲಕ ಪ್ರಾಟೆಸ್ಟೆಂಟರಿಗೆ ರಕ್ಷಣೆ ಕೊಟ್ಟ. 1685ರಲ್ಲಿ ಅವನ ಮೊಮ್ಮಗ ಹದಿನಾಲ್ಕನೇ ಲೂಯಿ ಅದನ್ನು ಕಿತ್ತುಹಾಕಿದ. ಒಬ್ಬ ಒಳ್ಳೆಯ ದೊರೆಯ ಮನಸ್ಸಿನ ಮೇಲೆ ನಿಂತದ್ದು ಇನ್ನೊಬ್ಬನ ಮನಸ್ಸಿಗೆ ಬೀಳುತ್ತದೆ.

ಕಲ್ಯದ ಒಪ್ಪಂದಕ್ಕೆ ದೊರೆಯ ಮನಸ್ಸಿನ ಈ ಹಂಗಿನಿಂದ ಸ್ವಲ್ಪ ಬಿಡುಗಡೆ ಸಿಕ್ಕಿದ್ದು ಒಬ್ಬ ವರ್ತಕನಿಂದ. ಬೆಳಗೊಳದ ಶಾಸನದ ಕೊನೆಗೆ ಇನ್ನೊಂದಿಷ್ಟು ಸಾಲುಗಳಿವೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಸಿ ಜೀರ್ಣೋದ್ಧಾರ ಮಾಡಿಸಿದ. ಎರಡೂ ಸಂಘಗಳು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದವು. ಪಟ್ಟ ಕಟ್ಟಿದ್ದು ರಾಜನಲ್ಲ, ಜಗಳವಾಡಿದ ಎರಡೂ ಪಕ್ಷದವರು. ನಾಯಕನಾಗಿ ನನಗೆ ಈ ಶಾಸನದಲ್ಲಿ ಬುಕ್ಕನಿಗಿಂತ ಕಲ್ಯದ ಈ ಸೆಟ್ಟಿ ಹೆಚ್ಚು ಕಾಣುತ್ತಾನೆ. ಪಠ್ಯಪುಸ್ತಕಗಳಲ್ಲಿ ಅವನ ಸುಳಿವು ಸಿಗುವುದು ಅಪರೂಪ.

ಆಳುವವರ ಮನಸ್ಸಿನ ಮೇಲೆ ನಿಂತದ್ದನ್ನು ಅರ್ಜಿದಾರರೇ ಉಳಿಸಿಕೊಳ್ಳಬೇಕಾದ ಪಾಡು ಪ್ರಜಾಪ್ರಭುತ್ವದಲ್ಲೂ ಇದೆ. ಕರ್ನಾಟಕದ ಲೋಕಾಯುಕ್ತ ಕಾಯ್ದೆ 1984ರದು. 2016ರ ಮಾರ್ಚ್‌ನಲ್ಲಿ ಸರ್ಕಾರ ಒಂದು ಆದೇಶದಿಂದ ಭ್ರಷ್ಟಾಚಾರ ನಿಗ್ರಹ ದಳ ಹುಟ್ಟಿಸಿ ಲೋಕಾಯುಕ್ತ ಪೊಲೀಸರ ಹಲ್ಲು ಕಿತ್ತಿತು. ಮುಂದೆ ಬೇರೆ ಎರಡು ಪಕ್ಷಗಳ ಮುಖ್ಯಮಂತ್ರಿಗಳೂ ಬಂದರು, ಯಾರೂ ಆ ದಳವನ್ನು ರದ್ದು ಮಾಡಲಿಲ್ಲ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು. ಅರ್ಜಿ ಹಾಕಿದವರಲ್ಲಿ ಬೆಂಗಳೂರಿನ ವಕೀಲರ ಸಂಘವೂ ಇತ್ತು. ಲೋಕಾಯುಕ್ತ ಸಂಸ್ಥೆಯನ್ನು ಕಟ್ಟಿದವರು ಸರ್ಕಾರದವರು, ಕೆಡವಿದವರೂ ಅವರೇ, ದುರಸ್ತಿ ಮಾಡಿಸಿದವರು ಅರ್ಜಿದಾರರು.

ಆದ್ದರಿಂದ ಪಠ್ಯಪುಸ್ತಕ ಬರೆಯುವವರಲ್ಲಿ ಒಂದು ವಿನಂತಿ. 1368ರ ಪಾಠ ಮುಂದಿನ ಸಲ ತಿದ್ದುವಾಗ ಬುಕ್ಕರಾಯ ಕೈ ಹಿಡಿಸಿದ ಚಿತ್ರ ಇರಲಿ, ಬೇಡವೆನ್ನುವುದಿಲ್ಲ. ಮನೆಗೆ ಒಂದು ಹಣ ಎಂಬ ಷರತ್ತನ್ನೂ ಕಲ್ಯದ ಬುಸುವಿಸೆಟ್ಟಿಯ ಹೆಸರನ್ನೂ ಅದರ ಕೆಳಗೆ ಅಚ್ಚು ಹಾಕಿ.