ಕಾರಂತರ ಕಾದಂಬರಿಗಳೂ ತರುಣ ವಾಚಕರೂ

ಬಾಲ್ಯವನ್ನು ದಾಟಿ ಪ್ರೌಢದಶೆಯನ್ನು ಇನ್ನೂ ಮುಟ್ಟದ ವಯಸ್ಸಿನವರಿಗೆಂದೇ ಕಾದಂಬರಿಗಳನ್ನು ರಚಿಸುವ ಪದ್ಧತಿಯು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಬೆಳೆದುಬಂದಿರುವುದು. ಕನ್ನಡದಲ್ಲಿಯಾದರೋ ಶಿಶುಸಾಹಿತ್ಯವು ಪಂಜೆ ಮಂಗೇಶರಾಯರಂಥವರಿಂದ ಪುಷ್ಟಿಗೊಂಡಿತೇ ಹೊರತು, ತರುಣರಿಗೆ ಮೀಸಲಾದ ಕಾದಂಬರಿಯು ಹಾಗೆ ಬೇರೂರಲಿಲ್ಲ. ಇದನ್ನು ಕೊರತೆಯೆಂದೇ ಎಣಿಸಬೇಕೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಶಿವರಾಮ ಕಾರಂತರ (1902-1997) ಕೃತಿಗಳು ಇದಕ್ಕೆ ಒಂದು ಬಗೆಯ ಉತ್ತರವನ್ನು ಕೊಡುತ್ತವೆ.

ಹೋಲಿಕೆಗಾಗಿ ರೋಸ್‌ಮರಿ ಸಟ್‌ಕ್ಲಿಫ್ (1920-1992) ಎಂಬ ಆಂಗ್ಲ ಲೇಖಕಿಯನ್ನು ತೆಗೆದುಕೊಳ್ಳಬಹುದು. ಶೈಶವದಲ್ಲಿಯೇ ಸಂಧಿರೋಗಕ್ಕೆ ತುತ್ತಾಗಿ, ತಾಯಿಯು ಓದಿ ಹೇಳಿದ ಕಥೆಗಳಿಂದ ಸಂಸ್ಕಾರವನ್ನು ಪಡೆದ ಈಕೆ ಮೊದಲು ಸೂಕ್ಷ್ಮಚಿತ್ರಗಳ ಕಲೆಯನ್ನು ಅಭ್ಯಾಸಮಾಡಿ, ಅನಂತರ ಲೇಖನಿಯನ್ನು ಹಿಡಿದಳು. 1954ರ ‘ದಿ ಈಗಲ್ ಆಫ್ ದ ನೈನ್ತ್’ ಎಂಬ ಕಾದಂಬರಿಯಲ್ಲಿ, ಗಾಯದಿಂದ ಕುಂಟನಾದ ರೋಮನ್ ತರುಣನು ತಂದೆಯೊಡನೆ ಕಣ್ಮರೆಯಾದ ಸೈನ್ಯದಳದ ಹದ್ದಿನ ಲಾಂಛನವನ್ನು ಅರಸಿ ಹೊರಡುವನು. ಗತಕಾಲವನ್ನು ಹುಡುಕುವ ಸಾಹಸವೇ ಇಲ್ಲಿ ಬೆಳೆಯುವ ದಾರಿ. 1959ರ ‘ದಿ ಲ್ಯಾಂಟರ್ನ್ ಬೇರರ್ಸ್’ ಕೃತಿಗೆ ಕಾರ್ನೆಗಿ ಪದಕವು ದೊರೆಯಿತು.

ಈಗಿನ ಬ್ರಹ್ಮಾವರ ತಾಲ್ಲೂಕಿನ ಕೋಟದಲ್ಲಿ ಜನಿಸಿದ ಕಾರಂತರೂ ವಿದ್ಯಾಲಯವನ್ನು ತೊರೆದು ಅಸಹಕಾರ ಚಳವಳಿಗೆ ಸೇರಿದವರು, ಸ್ವಯಂಶಿಕ್ಷಿತರು. ಪುತ್ತೂರಿನ ಬಾಲವನದಲ್ಲಿ ಅವರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. 1936ರಲ್ಲಿ ‘ಬಾಲಪ್ರಪಂಚ’ವನ್ನು ಹೊರತಂದರು. ಅರಿವನ್ನು ಹಂಚುವಾಗ ಎಳೆಯರನ್ನು ಪ್ರತ್ಯೇಕವಾಗಿ ಉದ್ದೇಶಿಸಿದ ಇದೇ ಲೇಖಕರು ತಮ್ಮ ಮುಖ್ಯ ಕಾದಂಬರಿಗಳಲ್ಲಿ ಆ ಭೇದವನ್ನು ಮಾಡಲಿಲ್ಲ. ತರುಣನನ್ನು ಹಿರಿಯರ ಸಂಸಾರದ ನಡುವೆಯೇ ನಿಲ್ಲಿಸಿದರು. ‘ಮರಳಿ ಮಣ್ಣಿಗೆ’ಯಲ್ಲಿ ಕುಂದಾಪುರಕ್ಕೆ ಓದಲು ಹೋದ ಲಚ್ಚನು ಕೆಡುವನು, ಅವನ ಮಗ ರಾಮನು ಮದರಾಸಿನಲ್ಲಿ ಓದಿ, ಚಳವಳಿಯ ಸೆಳೆತಕ್ಕೆ ಸಿಕ್ಕಿ, ನಿರುದ್ಯೋಗದಿಂದ ಬೆಂದು ಊರಿನ ಮಣ್ಣಿಗೆ ಮರಳುವನು. ವಿದ್ಯೆಯು ತಂದೆಯನ್ನು ಕೆಡಿಸಿ ಮಗನನ್ನು ಉದ್ಧರಿಸಿತೆಂಬ ಸುಲಭವಾದ ನೀತಿಯು ಇಲ್ಲಿಲ್ಲ. ಮನೆಯ ಹೆಂಗಸರ ಮೂರು ತಲೆಮಾರಿನ ದುಡಿಮೆಯನ್ನು ಕಾಣದೆ ರಾಮನ ಮರಳುವಿಕೆಯು ಅರ್ಥವಾಗದು. ರಾಮನ ಕಥೆಯನ್ನು ಮಾತ್ರ ಕತ್ತರಿಸಿ ತರುಣರಿಗೆ ಕೊಟ್ಟರೆ ಉಳಿಯುವುದು ಬರಿಯ ಸಾಹಸ.

‘ಮೂಕಜ್ಜಿಯ ಕನಸುಗಳು’ (1968) ಕೃತಿಯಲ್ಲಿ ಈ ರೀತಿಯು ಇನ್ನೂ ಸ್ಪಷ್ಟ. ಕಥೆಯನ್ನು ಹೇಳುವವನು ಮೊಮ್ಮಗ ಸುಬ್ಬರಾಯ. ಹಳೆಯ ವಸ್ತುವನ್ನು ಮುಟ್ಟಿ ಅದರ ಗತಕಾಲವನ್ನು ಕಾಣುವವಳು ಬಾಲವಿಧವೆಯಾದ ಅಜ್ಜಿ. ಸಟ್‌ಕ್ಲಿಫಳ ತರುಣನು ಗತಕಾಲವನ್ನು ಅರಸಿ ದೂರ ನಡೆದರೆ, ಸುಬ್ಬರಾಯನಿಗೆ ಅದು ಮನೆಯಲ್ಲಿಯೇ ಲಭ್ಯ. ಈ ಸೀಮೆಗೆ ಅದು ಸಹಜವೂ ಹೌದು. ಕುಂದಾಪುರದ ಸಮೀಪದ ಹಟ್ಟಿಯಂಗಡಿಯಂಥ ಒಂದೇ ಊರಿನಲ್ಲಿ ವಿನಾಯಕ, ಲೋಕನಾಥೇಶ್ವರ ದೇವಾಲಯಗಳೂ ಜೈನ ಬಸದಿಯೂ ಇದ್ದು, ಒಂದು ಕಾಲದ ಶ್ರದ್ಧೆಯ ಪಕ್ಕದಲ್ಲಿ ಇನ್ನೊಂದು ಕಾಲದ್ದು ನಿಂತಿರುವುದನ್ನು ಕಣ್ಣಾರೆ ಕಾಣಬಹುದು. ಅಜ್ಜಿಯ ಕನಸು ಇಂಥ ನೆಲದಿಂದ ಎದ್ದದ್ದು.

ಈ ರೀತಿಗೆ ಆಕ್ಷೇಪವೂ ಉಂಟು. ದೇವರನ್ನೂ ಕಾಮವನ್ನೂ ಕುರಿತು ಮೂಕಜ್ಜಿಯು ಆಡುವ ಮುಚ್ಚುಮರೆಯಿಲ್ಲದ ಮಾತು ಎಳೆಯ ವಾಚಕನಿಗೆ ತಕ್ಕುದೇ ಎಂದು ಉಪಾಧ್ಯಾಯನು ಅಳುಕಬಹುದು. ಅದಕ್ಕಿಂತ ಗುರುತರವಾದುದು ಬೇರೊಂದುಂಟು: ಅಜ್ಜಿಯು ನುಡಿಯುವಾಗ ಮೊಮ್ಮಗನು ಬಹುಮಟ್ಟಿಗೆ ಕೇಳುಗನಾಗಿಯೇ ಉಳಿಯುವನು. ತನ್ನ ಕೈಯಿಂದ ಏನನ್ನಾದರೂ ಸಾಧಿಸಿ ಲೋಕವನ್ನು ಅಳೆಯಬಯಸುವ ವಯಸ್ಸಿಗೆ ಇದು ಸಾಲದು. ಸಟ್‌ಕ್ಲಿಫಳ ಕೃತಿಯು ಈ ಅಂಶದಲ್ಲಿ ಮೇಲು.

ಆದರೂ ಕಾರಂತರು ತರುಣನಿಗೆ ಸಲ್ಲಿಸಿದ ಗೌರವವು ದೊಡ್ಡದು. ಅವನ ವಯಸ್ಸನ್ನು ನೋಡಿ ಸತ್ಯವನ್ನು ಅವರು ಮೊಟಕುಗೊಳಿಸಲಿಲ್ಲ. ಆದಕಾರಣ ತರುಣರ ಕಾದಂಬರಿಯು ಕನ್ನಡದಲ್ಲಿ ಬೆಳೆಯಬೇಕಾದುದು ಯುಕ್ತವಾದರೂ, ಅದು ಹಿರಿಯರ ಲೋಕಕ್ಕೆ ಬೇಲಿಯಾಗದೆ ಬಾಗಿಲಾಗಬೇಕು. ಅಜ್ಜಿಯ ಜಗಲಿಯಿಂದ ಮೊಮ್ಮಗನನ್ನು ದೂರವಿಡುವ ಸಾಹಿತ್ಯವು ಅವನಿಗೆ ಸಾಹಸವನ್ನು ಕೊಟ್ಟೀತು, ಪ್ರೌಢತೆಯನ್ನು ಕೊಡಲಾರದು.