ಬಾಯಿಪಾಠಕ್ಕೆ ಸಿಗದ ವಾಕ್ಯ

ಪೀಟರ್ ಚಾನ್ ಅವರ 2013ರ ಚೀನೀ ಚಿತ್ರ ‘ಅಮೆರಿಕನ್ ಡ್ರೀಮ್ಸ್ ಇನ್ ಚೈನಾ’ವನ್ನು ಪುಣೆಯ ಮನೆಯಲ್ಲಿ ಕೂತು ನೋಡಿದೆ. ಅಮೆರಿಕಕ್ಕೆ ಹೊರಟ ಹುಡುಗರಿಗಾಗಿ ಮೂವರು ಗೆಳೆಯರು ಇಂಗ್ಲಿಷ್ ಕೋಚಿಂಗ್ ಶಾಲೆ ಕಟ್ಟುವ ಕಥೆ. ಸೊಗಸಾಗಿದೆ. ಆದರೆ ನಾಯಕ ಕಾನೂನಿನ ಪುಸ್ತಕವನ್ನೇ ಬಾಯಿಪಾಠ ಒಪ್ಪಿಸಿ ಎದುರಾಳಿಗಳನ್ನು ಬೆರಗುಗೊಳಿಸುತ್ತಾನಲ್ಲ, ಅಲ್ಲಿ ನನ್ನ ತಕರಾರು.

ಬಾಯಿಪಾಠದಿಂದ ಪದ ಬರುತ್ತೆ, ವಾಕ್ಯ ಬರೋದಿಲ್ಲ. ಚೀನೀಯರದೂ ನಮ್ಮ ಹಾಗೇ ‘ನಾನು ನಿನ್ನೆ ಕೊಂಡ ಪುಸ್ತಕ’ ಎನ್ನುವ ಕ್ರಮ. ವಿವರವೆಲ್ಲ ಮೊದಲು, ಹೆಸರು ಕೊನೆಗೆ. ಇಂಗ್ಲಿಷಿನಲ್ಲಿ ಪುಸ್ತಕ ಮೊದಲು, ಬಾಲ ಆಮೇಲೆ ಬೆಳೆಯುತ್ತೆ. ಐಇಎಲ್‌ಟಿಎಸ್‌ನ ಓದಿನ ಪರೀಕ್ಷೆಯಲ್ಲಿ 60 ನಿಮಿಷಕ್ಕೆ 40 ಪ್ರಶ್ನೆ. ಒಂದೊಂದು ವಾಕ್ಯವನ್ನೂ ತಿರುಗಿಸಿ ಓದುತ್ತ ಕೂತರೆ ಗಡಿಯಾರ ಕಾಯುತ್ತದೆಯೇ? ಸಾಲದ್ದಕ್ಕೆ ‘ಸರಿ’, ‘ತಪ್ಪು’ಗಳ ಜೊತೆ ‘ಹೇಳಿಲ್ಲ’ ಎಂಬ ಮೂರನೇ ಉತ್ತರ ಬೇರೆ. ಡಿಕ್ಷನರಿ ಅರೆದು ಕುಡಿದವನೂ ಅಲ್ಲಿ ಎಡವುತ್ತಾನೆ.

ನಾನೂ ಎಡವಿದವನೇ. ಕನ್ನಡ ಮೀಡಿಯಂನಿಂದ ಬಂದವನು, ಪುಣೆಯ ಬ್ರಾಂಚಿನಲ್ಲಿದ್ದಾಗ ಬಡ್ತಿ ಪರೀಕ್ಷೆಗೆ ಪದಗಳ ಪಟ್ಟಿ ಉರು ಹೊಡೆದು ಫೇಲಾದೆ. ಮರುವರ್ಷ ದಿನಾ ಬೆಳಿಗ್ಗೆ ಒಂದೇ ಒಂದು ಸರ್ಕ್ಯುಲರ್ ಹಿಡಿದು, ಕ್ರಿಯಾಪದ ಯಾವುದು, ನಿಯಮ ಯಾರಿಗೆ ಅಂತ ಪೆನ್ಸಿಲಲ್ಲಿ ಗೆರೆ ಎಳೆಯುತ್ತಿದ್ದೆ. ಆ ಪೆನ್ಸಿಲು ಈ ಚಿತ್ರದ ತರಗತಿಗಳಲ್ಲಿ ನನಗೆ ಕಾಣಲಿಲ್ಲ.